ನಾನು ಎಂಬ ಸನ್ನೆ

ಎಡತೋಳಿನ ಮೇಲೆ ಬಿಳಿಯ ನೂಲಿನೆಳೆ, ಕಪ್ಪು ಬಟ್ಟೆಯ ಮೇಲೆ ಎದ್ದು ಕಾಣುತ್ತದೆ, ತೆಗೆಯಬೇಕು, ಕಿವಿ ಕೇಳದವರ ಕಣ್ಣಿಗೆ ಇಂಥದ್ದೆಲ್ಲ ಬೇಗ ಬೀಳುತ್ತದೆ, ಕೈಸನ್ನೆ ಬಿಟ್ಟು ನೂಲನ್ನೇ ನೋಡುತ್ತ ಕೂತುಬಿಡುತ್ತಾರೆ, ಅಮ್ಮನಂತೂ ಮನೆಗೆ ಕಾಲಿಟ್ಟ ಕೂಡಲೇ ಮೊದಲು ಅದನ್ನೇ ಕೇಳುತ್ತಾಳೆ, ಯುದ್ಧದ ಮಾತು ಆಮೇಲೆ — ತೆಗೆದೆ, ಬೆರಳಿಗೆ ಅಂಟಿಕೊಂಡಿತು. ಮೂರೂ ಮುಕ್ಕಾಲು. ನಾಲ್ಕಕ್ಕೆ ನೇರಪ್ರಸಾರ. ರಕ್ಷಣಾ ಮಂತ್ರಿಗಳು ಮಾತಾಡುತ್ತಾರೆ, ಅವರ ಪಕ್ಕದಲ್ಲಿ ಎರಡು ಹೆಜ್ಜೆ ದೂರ ನಿಂತು ಆ ಮಾತನ್ನು ನಾನು ಕೈಯಲ್ಲಿ ಹೇಳುತ್ತೇನೆ, ಹನ್ನೊಂದು ವರ್ಷದಿಂದ ಇದೇ ಕೆಲಸ, ಬಜೆಟ್ಟು, ನೆರೆ, ಲಸಿಕೆ, ಚುನಾವಣೆ, ಎಲ್ಲವೂ ಈ ಹತ್ತು ಬೆರಳುಗಳಿಂದಲೇ ದಾಟಿ ಹೋಗಿವೆ, ಒಂದೂ ಗುರುತು ಉಳಿಸಿ ಹೋಗಲಿಲ್ಲ, ಯುದ್ಧವೊಂದನ್ನು ಬಿಟ್ಟು. ಮೂರು ವರ್ಷದ ಹಿಂದೆಯೂ ಇದೇ ಕೋಣೆ, ಇದೇ ನೀಲಿ ಪರದೆ, ನಾನು ಎಲ್ಲಿ ನಿಲ್ಲಬೇಕೆಂದು ನೆಲಕ್ಕೆ ಅಂಟಿಸಿದ ಇದೇ ಹಳದಿ ಟೇಪು, ಯುದ್ಧ ಅನಿವಾರ್ಯ ಎಂದರು ಮಂತ್ರಿಗಳು, ನಾನೂ ಎಂದೆ, ದೇಶದ ಮಕ್ಕಳೇ ಬನ್ನಿ, ನಾನು ನಿಮ್ಮನ್ನು ಕರೆಯುತ್ತಿದ್ದೇನೆ ಎಂದರು, ನಾನೂ ಎರಡು ಕೈ ಚಾಚಿ ಗಾಳಿಯನ್ನೆಲ್ಲ ಎದೆಗೆ ಎಳೆದುಕೊಂಡೆ, ಬನ್ನಿ. ಸನ್ನೆಯಲ್ಲಿ ಇದೊಂದು ತೊಡಕು, ಅವರು ನಾನು ಅಂದರೆ ನಾನೂ ನಾನು ಅನ್ನಬೇಕು, ತೋರುಬೆರಳು ನನ್ನ ಎದೆಗೇ ಬರಬೇಕು, ಅವರ ಕಡೆ ಬೆರಳು ಮಾಡಿ ಇವರು ಹೀಗನ್ನುತ್ತಾರೆ ನೋಡಿ ಎನ್ನುವಂತಿಲ್ಲ, ಅದು ಚಾಡಿ ಹೇಳಿದಂತೆ, ಅನುವಾದ ಅಲ್ಲ, ನಾನೇ ಎಷ್ಟೋ ಹೊಸಬರಿಗೆ ಕಲಿಸಿದ್ದೇನೆ, ನೀವು ಅಲ್ಲಿ ಇಲ್ಲ ಅಂದುಕೊಳ್ಳಿ, ನೀವೊಂದು ಕಿಟಕಿ ಅಷ್ಟೆ. ಕಿಟಕಿಯಂತೆ.

ಅಮ್ಮ ಹುಟ್ಟಿದಾಗಿನಿಂದ ಒಂದು ಸದ್ದನ್ನೂ ಕೇಳಿದವಳಲ್ಲ, ನನಗೂ ತಮ್ಮನಿಗೂ ಕೇಳುತ್ತದೆ — ಕೇಳುತ್ತಿತ್ತು, ಅವನಿಗೆ — ಹಾಗಾಗಿ ನಮ್ಮ ಮನೆಯಲ್ಲಿ ಬಾಯಿಗಿಂತ ಮೊದಲು ಕೈ ಮಾತು ಕಲಿತಿತು, ಬಾಯಿ ತುಂಬ ತುತ್ತಿಟ್ಟುಕೊಂಡು ಮಾತಾಡಿದರೂ ಬೈಸಿಕೊಳ್ಳದ ಮನೆ ಇಡೀ ಬೀದಿಯಲ್ಲಿ ನಮ್ಮದೊಂದೇ ಎಂದು ಅವನು ನಗುತ್ತಿದ್ದ. ಲಿಫ್ಟ್ ರಿಪೇರಿ ಮಾಡುತ್ತಿದ್ದ. ಯುದ್ಧದ ಕರೆ ಕೊಟ್ಟ ದಿನ ಸಂಜೆ ಕೆಲಸದಿಂದ ಬಂದವನು ಗ್ರೀಸು ಮೆತ್ತಿದ ಕೈಯಲ್ಲೇ ನಿಂತು, ಅಕ್ಕಾ, ನೀನು ದೇಶಕ್ಕೆ ದೇಶನೇ ಕೈ ಚಾಚಿ ಕರೆದ್ಬಿಟ್ಟೆಯಲ್ಲ, ಇನ್ನು ಮನೆಯವನೇ ಹೋಗ್ದಿದ್ರೆ ನಿನ್ನ ಮರ್ಯಾದೆ ಏನಾಗ್ಬೇಕು, ಅಂದ. ತಮಾಷೆ ಅಂದುಕೊಂಡೆ. ಸುಮ್ನಿರೋ, ಕೈ ತೊಳ್ಕೊಂಡು ಬಾ ಅಂದೆ. ಹನ್ನೆರಡನೆಯ ದಿನಕ್ಕೆ ಸೈನ್ಯಕ್ಕೆ ಹೆಸರು ಬರೆಸಿ ಬಂದ, ಮೂರು ವರ್ಷದಿಂದ ಬರೀ ಹತ್ತೋದು ಇಳಿಯೋದು ಮಾಡಿದೀನಿ ಅಕ್ಕಾ, ಒಂದ್ಸಲ ಅಡ್ಡಕ್ಕೆ ಹೋಗಿ ನೋಡ್ತೀನಿ. ಏಳು ತಿಂಗಳು. ಏಳನೆಯ ತಿಂಗಳ ಒಂದು ಬೆಳಿಗ್ಗೆ ಸಮವಸ್ತ್ರದ ಇಬ್ಬರು ಬಾಗಿಲಲ್ಲಿ, ಟೋಪಿ ಕೈಯಲ್ಲಿ, ಅಮ್ಮ ಸೋಪಿನ ಕೈಯಲ್ಲೇ ಒಳಗಿನಿಂದ ಬಂದು ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು, ಅವರಲ್ಲೊಬ್ಬ ನನಗೆ ಹೇಳುತ್ತಿದ್ದ, ತಿಳಿಸೋದಕ್ಕೆ ವಿಷಾದ ಆಗುತ್ತೆ ಮೇಡಂ, ಮತ್ತೆ ಈ ಕೈ, ಹಾಳು ಈ ಕೈ, ಅಭ್ಯಾಸಬಲದಿಂದ ಎದ್ದು ಅವನ ಮಾತನ್ನು ಅಮ್ಮನಿಗೆ ಹೇಳತೊಡಗಿತು, ವಾಕ್ಯ ಮುಗಿಯುವ ತನಕ ನಾನು ಏನು ಹೇಳುತ್ತಿದ್ದೇನೆಂದು ನನಗೇ ತಿಳಿಯಲಿಲ್ಲ. ಅಮ್ಮ ಅಳಲಿಲ್ಲ ಆಗ. ಎಷ್ಟೋ ವಾರ ಕಳೆದ ಮೇಲೆ, ಬಟ್ಟೆ ಮಡಿಸುತ್ತ ಕೂತಿದ್ದವಳು ಅಂಗಿಯೊಂದನ್ನು ತೊಡೆಯ ಮೇಲಿಟ್ಟು, ಆ ದಿನ ಟೀವಿಯಲ್ಲಿ ನೀನು ತುಂಬ ಚೆನ್ನಾಗಿ ಹೇಳಿದೆ ಅಂದಳು. ಅಷ್ಟೆ. ಮತ್ತೆ ಮಡಿಸತೊಡಗಿದಳು. ಬೈದದ್ದೋ ಹೊಗಳಿದ್ದೋ, ಎರಡು ವರ್ಷಕ್ಕೂ ಮೇಲಿನಿಂದ ಆ ವಾಕ್ಯವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ, ಕೇಳಲು ಧೈರ್ಯ ಸಾಲದು.

ಇವತ್ತೂ ನೋಡುತ್ತಾಳೆ. ಒಂದು ದಿನವೂ ತಪ್ಪಿಸಿದವಳಲ್ಲ. ಬೆಳಿಗ್ಗೆ ಮಂತ್ರಿಗಳ ಭಾಷಣದ ಪ್ರತಿ ನನ್ನ ಕೈಗೆ ಬಂತು, ಮೂರನೆಯ ಪ್ಯಾರಾದಲ್ಲಿ ಟೈಪು ಮಾಡಿದ್ದರು, ನಾನು ತಪ್ಪು ಮಾಡಿದೆ. ಅದನ್ನೇ ಮನಸ್ಸಿನಲ್ಲಿ ಕೈಯಾಡಿಸಿ ನೋಡಿದೆ, ಶೌಚಾಲಯದ ಕನ್ನಡಿ ಮುಂದೆಯೂ ನೋಡಿದೆ, ತೋರುಬೆರಳು ಎದೆಗೆ, ಆಮೇಲೆ ತಪ್ಪು — ಕನ್ನಡಿಯಲ್ಲಿದ್ದವಳು ನಾನೇ, ಮಂತ್ರಿಗಳಲ್ಲ, ಅಮ್ಮನಿಗೆ ಕಾಣುವವಳೂ ಅವಳೇ. ಆಮೇಲೆ ಕಾರ್ಯದರ್ಶಿ ಬಂದು, ಆ ಹಾಳೆ ಕೊಡಮ್ಮ, ಸಣ್ಣ ಬದಲಾವಣೆ ಇದೆ ಅಂತ ಕೆಂಪು ಪೆನ್ನಿನಲ್ಲಿ ಆ ಸಾಲು ಹೊಡೆದುಹಾಕಿ ಮೇಲೆ ಬರೆದರು, ಬದಲಾದ ಪರಿಸ್ಥಿತಿಯಲ್ಲಿ ನಿಲುವನ್ನು ಮರುಪರಿಶೀಲಿಸಲಾಗಿದೆ. ಉಸಿರು ಬಿಟ್ಟೆ, ನಿಜ ಹೇಳಬೇಕೆಂದರೆ ಉಸಿರು ಬಿಟ್ಟೆ. ಸರ್, ಯಾರು ಮರುಪರಿಶೀಲಿಸಿದ್ದು ಅಂತ ತೋರಿಸ್ಲಿ? ಯಾರೂ ಅಲ್ಲಮ್ಮ, ಮರುಪರಿಶೀಲಿಸಲಾಗಿದೆ, ಅಷ್ಟೆ. ಸರ್, ಕೈಯಲ್ಲಿ ಯಾರೂ ಅಲ್ಲ ಅಂತ ಬರಲ್ಲ, ಯಾರಾದ್ರೂ ಒಬ್ರು ಮಾಡಬೇಕು. ಅವರು ಪೆನ್ನಿನ ಮುಚ್ಚಳ ಹಾಕುತ್ತ ನನ್ನನ್ನು ಹೊಸದಾಗಿ ನೋಡಿದರು, ಸರ್ಕಾರ ಅಂತ ಹಾಕು, ಇಲ್ಲಾ ಪರಿಸ್ಥಿತಿ ಅಂತ ಹಾಕು, ನಿಮ್ಮಲ್ಲಿ ಅದೇನು ಉಪಾಯ ಇದೆಯೋ ಮಾಡಮ್ಮ, ತಪ್ಪು ಅನ್ನೋ ಪದ ಮಾತ್ರ ಬೇಡ, ಒಂದ್ಸಲ ಆ ಪದ ಬಂದ್ರೆ ನಾಳೆ ಅವರನ್ನ ಯಾರೂ ಬಿಡಲ್ಲ. ನಾಳೆ ಯಾರೂ ಬಿಡಲ್ಲ. ನಿನ್ನೆಯವರು, ಸತ್ತವರ ಮನೆಯವರು? ಕೇಳಲಿಲ್ಲ. ನಾನು ಕಿಟಕಿ.

ಬಿಡಲ್ಲ ಎಂಬುದಂತೂ ನಿಜ, ಈಗಲೇ ಸೈನ್ಯ ವಾಪಸಾಗುವ ಸುದ್ದಿ ಸೋರಿದೆ, ಬರುವಾಗ ಕಾರಿನಲ್ಲಿ ಡ್ರೈವರಣ್ಣ ಮಂತ್ರಿಗಳನ್ನು ಉಗಿದು ಉಗಿದು ಇಟ್ಟ, ಅವತ್ತೊಂದು ಇವತ್ತೊಂದು, ಊಸರವಳ್ಳಿ ಮೇಡಂ, ಆಡಿದ ಮಾತಿಗೆ ನಿಲ್ಲಕ್ಕಾಗ್ದೇ ಇರೋನು ಬಾಯಿ ಯಾಕೆ ಬಿಡಬೇಕು, ಸಿಗ್ನಲ್ಲಿನಲ್ಲಿ ನಿಂತಾಗ ಇನ್ನೂ ಜೋರಾಗಿ, ಎಲೆಕ್ಷನ್ ಹತ್ರ ಬಂತಲ್ಲ, ಅದಕ್ಕೇ. ಇರಬಹುದು. ಎಲೆಕ್ಷನ್ನಿಗೇ ಇರಬಹುದು. ಮೇಕಪ್ಪಿನವಳು ನನ್ನ ಹಣೆಗೆ ಪೌಡರು ಒತ್ತುತ್ತ ಕಿವಿಯ ಬಳಿ ಬಾಗಿ, ಅಕ್ಕಾ, ವಾಪಸ್ ಕರೆಸ್ತಾರಂತಾ ಇವತ್ತು, ಒಂದೇ ಒಂದು ಮಾತು ಹೇಳಿ, ಹೌದೋ ಇಲ್ವೋ, ಎಂದಳು, ಅವಳ ಮಗಳು ಅಲ್ಲಿದ್ದಾಳೆ, ನರ್ಸು, ಗಾಯಾಳುಗಳ ಡೇರೆಯಲ್ಲಿ, ಇಪ್ಪತ್ತೊಂದು ದಿನದಿಂದ ಫೋನಿಲ್ಲ. ನಾನು ಹೇಳುವಂತಿಲ್ಲ. ಕನ್ನಡಿಯಲ್ಲಿ ಒಮ್ಮೆ ರೆಪ್ಪೆ ಮುಚ್ಚಿ ತೆಗೆದೆ. ಅವಳ ಕೈಯಿಂದ ಪೌಡರಿನ ಪಫ್ ಜಾರಿ ನನ್ನ ಮಡಿಲಿಗೆ ಬಿತ್ತು. ಮಂತ್ರಿ ಬಣ್ಣ ಬದಲಾಯಿಸ್ತಾರೆ ಅಂತ ಎಲ್ರೂ ಬೈತಾರಲ್ಲಕ್ಕಾ, ಬದಲಾಯಿಸ್ಲಿ, ಬೇಕಾದ್ರೆ ದಿನಕ್ಕೊಂದು ಬಣ್ಣ ನಾನೇ ಹಚ್ಚಿ ಕಳಿಸ್ತೀನಿ, ನನ್ನ ಮಗು ಬಂದ್ರೆ ಸಾಕು. ಅವಳ ಮಗು ಬರುತ್ತದೆ. ಬರಲಿ. ಬರಲೇಬೇಕು. ಆದರೆ ಮಂತ್ರಿ ಮಾತು ಬದಲಾಯಿಸಿದರೆ ನಮ್ಮವನು ಯಾತಕ್ಕೆ ಹೋದ ಎಂದು ಅಮ್ಮನಿಗೆ ಯಾರು ಹೇಳುತ್ತಾರೆ, ಗೋಡೆಯ ಮೇಲಿನ ಫೋಟೋಕ್ಕೆ ಅವರೇ ಕೊಟ್ಟ ಪದಕ ತಗುಲಿಸಿದ್ದಾಳೆ, ಪ್ರತಿ ದಿನ ಒರೆಸುತ್ತಾಳೆ, ಬದಲಾಯಿಸದಿದ್ದರೆ ಅದಕ್ಕೊಂದು ಅರ್ಥ ಉಳಿಯುತ್ತದೆ, ಬದಲಾಯಿಸದಿದ್ದರೆ ಇವಳ ಮನೆಯ ಗೋಡೆಗೂ ಇನ್ನೊಂದು ಪದಕ ಬರುತ್ತದೆ — ಥೂ, ಏನು ಯೋಚನೆ ಇದು, ನಾಲಿಗೆ ಕಚ್ಚಿಕೋ, ನಾಲಿಗೆ ಆಡಿಸಿಯೇ ಇಲ್ಲ, ಆದರೂ. ಐದು ನಿಮಿಷ.

ಕೆಂಪು ದೀಪ. ನಾನು ಟೇಪಿನ ಮೇಲೆ. ಮಂತ್ರಿಗಳು ಬಂದರು, ಮೂರು ವರ್ಷದಲ್ಲಿ ಕತ್ತು ಸಣ್ಣಗಾಗಿ ಕಾಲರು ದೊಡ್ಡದಾಗಿದೆ, ಬಿಸಿನೀರು ಗುಟುಕರಿಸಿ ಓದತೊಡಗಿದರು, ಮೊದಲ ಪ್ಯಾರಾ, ನನ್ನ ಕೈ ಓಡುತ್ತಿದೆ, ಎರಡನೆಯದು, ಓಡುತ್ತಿದೆ, ಸರ್ಕಾರ ಎಂಬ ಸನ್ನೆಯನ್ನು ಬಲಗಡೆ ಗಾಳಿಯಲ್ಲಿ ಇಟ್ಟು ಸಿದ್ಧವಾಗಿದ್ದೇನೆ, ಈಗ ಬರುತ್ತದೆ, ಮರುಪರಿಶೀಲಿಸಲಾಗಿದೆ, ಬರುತ್ತದೆ — ಬರಲಿಲ್ಲ. ಕನ್ನಡಕ ತೆಗೆದರು. ಹಾಳೆ ಮಗುಚಿಟ್ಟರು. ಮೂಲೆಯಲ್ಲಿ ಕಾರ್ಯದರ್ಶಿ ಎದ್ದು ನಿಂತದ್ದು ಓರೆಗಣ್ಣಿಗೆ ಕಂಡಿತು. ಮೂರು ವರ್ಷದ ಹಿಂದೆ ಇಲ್ಲೇ ನಿಂತು ನಾನು ನಿಮ್ಮ ಮಕ್ಕಳನ್ನು ಕರೆದೆ. ನಾನು ತಪ್ಪು ಮಾಡಿದೆ. ದನಿ ಎಷ್ಟು ಸಣ್ಣಗಿತ್ತೆಂದರೆ ಮೈಕಿಗೆ ಸಿಕ್ಕಿತೋ ಇಲ್ಲವೋ, ನನಗೆ ಸಿಕ್ಕಿತು, ಕಿವಿಯಿಂದ ಹೊಕ್ಕು ಭುಜದ ತನಕ ಬಂದು ಅಲ್ಲೇ ನಿಂತುಬಿಟ್ಟಿತು, ಕೈಗೆ ಇಳಿಯಲೊಲ್ಲದು, ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನ ಎರಡೂ ಕೈ ಇಡೀ ದೇಶದ ಮುಂದೆ ಸುಮ್ಮನೆ ಜೋತುಬಿದ್ದಿವೆ, ಕ್ಯಾಮೆರಾದವನು ತಲೆಯೆತ್ತಿ ನೋಡುತ್ತಿದ್ದಾನೆ, ಒಂದು, ಎರಡು, ಎತ್ತು, ಎತ್ತೇ, ಅಲ್ಲಿ ಕಿವಿ ಕೇಳದ ಸಾವಿರ ಮನೆಗಳಲ್ಲಿ ಮಂತ್ರಿ ಸುಮ್ಮನಿದ್ದಾನೆ ಅಂದುಕೊಂಡಿರುತ್ತಾರೆ, ಮೂರು, ನಾಲ್ಕು — ಬೆರಳು ಎದ್ದಿತು, ಎದೆಗೆ ಬಂದಿತು, ಮೂಳೆಗೆ ತಗುಲಿ ನೋವಾಗುವಷ್ಟು ಗಟ್ಟಿಯಾಗಿ. ನಾನು. ನಾನು ಕರೆದೆ. ನಾನು ತಪ್ಪು ಮಾಡಿದೆ. ಆಮೇಲೆ ಕೈ ತಾನಾಗಿ ಓಡಿತು, ನಲವತ್ತು ದಿನದಲ್ಲಿ ಎಲ್ಲರೂ ವಾಪಸ್, ಗಾಜಿನ ಆಚೆ ಮೇಕಪ್ಪಿನವಳು ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡು ನೆಲಕ್ಕೆ ಕುಸಿದು ಕೂತಳು. ಪತ್ರಕರ್ತರು ಮುಗಿಬಿದ್ದರು. ಇದು ಎಲೆಕ್ಷನ್ ಭಯನಾ ಸರ್? ಅದೂ ಇರಬಹುದು, ಅದಕ್ಕೋಸ್ಕರನಾದ್ರೂ ಸರಿಯಾದದ್ದು ಆಗ್ಲಿ. ನಾಳೆ ಮತ್ತೆ ಮಾತು ಬದಲಾಯಿಸ್ತೀರಾ? ತಪ್ಪಿದ್ರೆ ಬದಲಾಯಿಸಬೇಕು. ಬದಲಾಯಿಸಿದ್ರೆ ಜನ ಏನಂತಾರೋ ಅಂತ ಹೆದರಿಕೊಂಡೇ ಇಷ್ಟು ದಿನ ಕಳೆದೆ, ಮೊದಲ ವರ್ಷದಲ್ಲೇ ನನಗೆ ಅನುಮಾನ ಬಂದಿತ್ತು. ನನ್ನ ಕೈ ಅದನ್ನೂ ಹೇಳಿತು, ಮೊದಲ ವರ್ಷದಲ್ಲೇ ನನಗೆ ಅನುಮಾನ ಬಂದಿತ್ತು, ಹೇಳುತ್ತಲೇ ತಲೆಯೊಳಗೆ ಕಿರುಚಿಕೊಂಡೆ, ಯಾವ ತಿಂಗಳು, ಮೊದಲ ವರ್ಷದ ಯಾವ ತಿಂಗಳು, ಆರನೆಯದೋ ಎಂಟನೆಯದೋ, ತಮ್ಮ ಇದ್ದಾಗಲೋ ಹೋದ ಮೇಲೋ, ಯಾರಾದರೂ ಕೇಳಿ, ಅಷ್ಟು ಜನ ಮೈಕು ಹಿಡಿದಿದ್ದೀರಿ, ಒಬ್ಬರಾದರೂ ಕೇಳಿ, ಯಾವ ತಿಂಗಳು. ಯಾರೂ ಕೇಳಲಿಲ್ಲ. ಸತ್ತವರ ಮನೆಯವರಿಗೆ ಏನ್ ಹೇಳ್ತೀರಿ ಎಂದ ಹಿಂದಿನ ಸಾಲಿನವನೊಬ್ಬ. ಮಂತ್ರಿಗಳು ಗೊತ್ತಿಲ್ಲ ಎಂದರು. ನಾನೂ ಗೊತ್ತಿಲ್ಲ ಎಂದೆ. ಅಷ್ಟು ಸರಿಯಾದ ಅನುವಾದ ನಾನು ಜನ್ಮದಲ್ಲಿ ಮಾಡಿಲ್ಲ.

ದೀಪ ಆರಿತು. ಮಂತ್ರಿಗಳು ನನ್ನ ಪಕ್ಕದಿಂದಲೇ ಹಾದು ಹೋದರು, ಒಂದು ಕ್ಷಣ ನಿಂತು, ನಡುವೆ ಕೈ ನಿಲ್ಸಿದ್ರಿ ಅಲ್ವಾ ಎಂದರು, ಕ್ಷಮಿಸಿ ಸರ್, ನನ್ನ ತಮ್ಮ, ಎಂದಷ್ಟೇ ಬಾಯಿಗೆ ಬಂದಿತು, ಅವರು ಕಣ್ಣು ಕೆಳಗೆ ಮಾಡಿದರು, ತಿಂಗಳು ಕೇಳಬೇಕಿತ್ತು, ಈಗಲೇ ಕೇಳಬೇಕಿತ್ತು, ಆಗಲೇ ಕಾರ್ಯದರ್ಶಿ ಅವರ ಮೊಣಕೈ ಹಿಡಿದು ಕರೆದೊಯ್ದಾಗಿತ್ತು. ಕೇಳಿದ್ದರೂ ಏನು ಮಾಡುತ್ತಿದ್ದೆ ಆ ತಿಂಗಳನ್ನು ಇಟ್ಟುಕೊಂಡು. ಮೆಟ್ಟಿಲ ಮೇಲೆ ಬಂದು ಕೂತೆ. ಫೋನು ನಡುಗಿತು, ಅಮ್ಮ, ವಿಡಿಯೋ, ಫೋನನ್ನು ಯಾವುದಕ್ಕೋ ಒರಗಿಸಿಟ್ಟಿದ್ದಾಳೆ, ಸ್ವಲ್ಪ ವಾಲಿದೆ, ಹಿಂದೆ ಗೋಡೆ, ಫೋಟೋದ ಒಂದು ಮೂಲೆ. ನೂಲಿನ ಬಗ್ಗೆ ಕೇಳಲಿಲ್ಲ. ನೀನು ಯಾಕೆ ನಿಂತೆ ಎಂದಳು. ಮಂತ್ರಿಗಳ ತುಟಿ ಆಡುತ್ತಿತ್ತು, ನಿನ್ನ ಕೈ ನಿಂತಿತ್ತು, ನಾನು ಅವರ ತುಟಿಯನ್ನೇ ಓದಿಕೊಂಡೆ, ತಪ್ಪು ಎಂದದ್ದು ನೀನು ಹೇಳುವ ಮೊದಲೇ ನನಗೆ ಗೊತ್ತಾಗಿತ್ತು. ಆ ಮಾತು ಅವರ ಬಾಯಲ್ಲೇ ಇರಲಿ, ಅದು ಅವರದ್ದು, ಅಂತ ನೀನು ಬಿಟ್ಟುಬಿಟ್ಟೆ ಅಂದುಕೊಂಡು ಖುಷಿಪಟ್ಟೆ. ಆಮೇಲೆ ಮತ್ತೆ ಯಾಕೆ ಹೇಳಿದೆ? ಅಮ್ಮಾ, ಅದು ನನ್ನ ಕೆಲಸ. ಅಲ್ಲ, ಎಂದಳು, ಕೆಲಸದ ಕೈ ನನಗೆ ಗೊತ್ತು, ಅದು ಕೆಲಸದ ಕೈ ಆಗಿರಲಿಲ್ಲ. ಮೆಟ್ಟಿಲಲ್ಲಿ ಯಾರೋ ಇಳಿದು ಹೋದರು, ನನ್ನ ಕಣ್ಣು ಮಂಜಾಗಿ ಅವಳ ಬೆರಳುಗಳು ಒಂದಕ್ಕೊಂದು ಬೆರೆತುಹೋಗುತ್ತಿವೆ, ಒರೆಸಿಕೊಂಡೆ, ಫೋನನ್ನು ಮೊಣಕಾಲಿಗೆ ಒರಗಿಸಿ ಎರಡು ಕೈ ಬಿಡಿಸಿಕೊಂಡೆ, ನಾನೂ ಕರೆದೆನಲ್ಲಮ್ಮ ಎಂದೆ, ಅವನು ಹೋಗಿದ್ದು ನನ್ನ ಕೈ ನೋಡಿ, ನಾನು, ನಾನು — ಅಷ್ಟರಲ್ಲಿ ಅಮ್ಮನ ಅಂಗೈ ಮುಂದಕ್ಕೆ ಬಂತು. ಸೀದಾ ಬಂತು, ದೊಡ್ಡದಾಗುತ್ತ ಬಂದು ಫೋನಿಗೇ ತಾಗಿತು, ಪರದೆಯ ತುಂಬ ಅಂಗೈ, ಗೋಡೆಯಿಲ್ಲ, ಫೋಟೋ ಇಲ್ಲ, ಅವಳ ಮುಖವಿಲ್ಲ. ನಮ್ಮ ಮಾತಿನಲ್ಲಿ ಹಾಗೆ ಅಂಗೈ ಮುಂದೆ ಮಾಡಿದರೆ ಸಾಕು, ನಿಲ್ಲಿಸು ಎಂದು. ಚಿಕ್ಕವರಿದ್ದಾಗ ಜ್ವರ ಬಂದರೆ ಹಣೆ ಮುಟ್ಟಲು ಬರುತ್ತಿದ್ದುದೂ ಹೀಗೇ, ಇದೇ ಅಂಗೈ. ನಿಲ್ಲಿಸು ಎಂದಳೋ, ಮುಟ್ಟಲು ಬಂದಳೋ, ಬೆರಳ ಸಂದಿಯಿಂದ ಕೆಂಪಗೆ ಬೆಳಕು, ನೀರಲ್ಲಿ ನೆನೆದು ನೆನೆದು ಸುಕ್ಕಾದ ಗೆರೆಗಳು, ತೆಗೆಯುತ್ತಾಳೆ ಈಗ, ತೆಗೆದು ಏನಾದರೂ ಹೇಳುತ್ತಾಳೆ, ತೆಗೆಯುತ್ತಿಲ್ಲ, ಅಂಗೈ, ಒತ್ತಿ ಹಿಡಿದ ಅಂಗೈ, ಅದರ ಗೆರೆಗಳು, ಅಂಗೈ