ಅಳಿಯಲೊಲ್ಲದ ಸ್ನ್ಯಾಪ್‌ಶಾಟ್

ಬುಧವಾರ ಬೆಳಿಗ್ಗೆ ಕೊಕ್‌ಜಾರ್ ಬಾನುಲಿ ಕೇಂದ್ರದ ಸ್ಟೋರೇಜ್ ಕಂಠಮಟ್ಟ ತುಂಬಿ, ಕುರಿಗಾಹಿಗಳಿಗಾಗಿ ಮಾಡುವ ಹವಾಮಾನ ವರದಿಯ ರೆಕಾರ್ಡಿಂಗ್ ಅರ್ಧಕ್ಕೇ ನಿಂತುಹೋಯಿತು. ನಿರ್ದೇಶಕ ಎಸೆನ್‌ಬೆಕ್ ದುಡುದುಡು ಬಂದು ತಂತ್ರಜ್ಞೆ ಸಿರ್ಗಾಳ ಮೇಜಿನ ಮುಂದೆ ನಿಂತ.

"ಏನಮ್ಮಾ, ಮೊನ್ನೆ ಹಳೇ ಜಾಹೀರಾತೆಲ್ಲ ಅಳಿಸ್ದೆ ಅಂದ್ಯಲ್ಲ, ಆ ಜಾಗ ಎಲ್ಲಿ ಹೋಯ್ತು? ಕುದುರೆ ಮೇಯ್ದುಬಿಡ್ತಾ?"

"ಅಳಿಸ್ದೆ ಅಣ್ಣಾ. ಹಳೇ ಸ್ನ್ಯಾಪ್‌ಶಾಟ್‌ಗಳು ಜಾಗ ಬಿಡ್ತಿಲ್ಲ."

"ಬಿಡಲ್ಲ ಅಂದ್ರೆ ಬಿಡ್ಸು. ಹನ್ನೆರಡಕ್ಕೆ ಜಿಲ್ಲೆಯ ಮುಖ್ಯಸ್ಥ, ಆ ಅಕಿಮ್, ಮಾತಾಡ್ತಾನೆ. ಅದು ರೆಕಾರ್ಡ್ ಆಗ್ಲಿಲ್ವೋ, ನನ್ನ ತಲೆ ಮೇಲಿನ ಟೋಪಿ ಉಳಿಯಲ್ಲ, ತಲೇನೂ ಉಳಿಯಲ್ಲ."

ಪ್ರತಿದಿನ ಒಂದು ಹೊತ್ತಿಗೆ ಆ ಸ್ಟೋರೇಜ್ ಪೆಟ್ಟಿಗೆ ತನ್ನೊಳಗಿನ ಎಲ್ಲ ಫೈಲುಗಳೂ ಆ ಗಳಿಗೆಯಲ್ಲಿ ಹೇಗಿದ್ದವೋ ಹಾಗೇ ನೆನಪಿಟ್ಟುಕೊಳ್ಳುತ್ತಿತ್ತು; ಆ ನೆನಪೇ ಸ್ನ್ಯಾಪ್‌ಶಾಟ್. ಫೈಲನ್ನು ಅಳಿಸಿದರೂ ಆ ನೆನಪು ಇರುವವರೆಗೆ ಜಾಗ ಖಾಲಿಯಾಗುತ್ತಿರಲಿಲ್ಲ. ಓದು ಮುಗಿಸಿ ಕೆಲಸಕ್ಕೆ ಸೇರಿ ನಾಲ್ಕೇ ತಿಂಗಳಾಗಿದ್ದ ಸಿರ್ಗಾಳಿಗೆ ಇದೆಲ್ಲ ನೀರು ಕುಡಿದಷ್ಟು ಸಲೀಸು. ಕಷ್ಟವೆಂದರೆ ಮನುಷ್ಯರ ಜೊತೆ ಮಾತು. ಯಾರಿಗಾದರೂ ಫೋನ್ ಮಾಡಬೇಕೆಂದರೆ ಹೇಳಬೇಕಾದ್ದನ್ನು ಮೊದಲು ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದಳು.

ಹಳೆಯ ಸ್ನ್ಯಾಪ್‌ಶಾಟ್‌ಗಳು ಮೂವತ್ತೊಂದಿದ್ದವು. ಮೂವತ್ತು ಹೇಳಿದ ಮಾತು ಕೇಳಿ ಹೋದವು, ಆದರೂ ಸಾಕಷ್ಟು ಜಾಗವಾಗಲಿಲ್ಲ. ಮಾರ್ಚ್ ತಿಂಗಳದ್ದೊಂದು ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ. ಬಳಕೆಯಲ್ಲಿದೆ, ಅಳಿಸಲಾಗದು ಎಂದಿತು ಪೆಟ್ಟಿಗೆ. ಯಾರಾದರೂ ತೆರೆದಿಟ್ಟುಕೊಂಡಿದ್ದಾರೆಯೇ ಎಂದು ನೋಡಿದಳು, ಇಲ್ಲ. ಅದರ ಆಧಾರದ ಮೇಲೆ ಬೇರೆ ನಕಲೇನಾದರೂ ನಿಂತಿದೆಯೇ, ಅದೂ ಇಲ್ಲ. ಪೆಟ್ಟಿಗೆಯನ್ನೇ ಆರಿಸಿ ಮತ್ತೆ ಚಾಲೂ ಮಾಡಿದಳು. ಅದೇ ಉತ್ತರ. ಕೊನೆಗೆ, ಬೇಕೆಂದೇ ಯಾರಾದರೂ ಇದಕ್ಕೆ ತಡೆ ಹಾಕಿದ್ದಾರೆಯೇ ಎಂದು ಕೇಳಿದಾಗ ಒಂದು ಸಾಲು ಬಂತು. ತಡೆ ಇದೆ. ಅದರ ಹೆಸರು: 'ಊಳಿಡುವವರು, ಬುರುಲ್.'

ಬುರುಲ್ ಎಂದರೆ ಧ್ವನಿಭಂಡಾರ ನೋಡಿಕೊಳ್ಳುವ ಬುರುಲ್ ಎಜೆ, ಕೇಂದ್ರದವರಿಗೆಲ್ಲ ಬುರುಲ್ ಅಕ್ಕ. ಮೊಮ್ಮಗುವಿನ ತೊಟ್ಟಿಲ ಶಾಸ್ತ್ರಕ್ಕೆಂದು ರಜೆ ಹಾಕಿ ಮಗಳ ಊರಿಗೆ ಹೋಗಿದ್ದಳು. ಸಿರ್ಗಾ ಕಾಗದದ ಮೇಲೆ ಬರೆದಳು: 'ಎಜೆ, ಊಳಿಡುವವರು ಅಂದರೆ ಏನು?' ಓದಿಕೊಂಡಾಗ ತೀರಾ ಪೆದ್ದು ಪ್ರಶ್ನೆ ಅನ್ನಿಸಿತು. ಹಬ್ಬದ ಮನೆ, ಹತ್ತು ಜನ ಕೂತಿರುತ್ತಾರೆ, ಯಾರದು ಫೋನು ಎಂದು ಕೇಳುತ್ತಾರೆ. ಆದರೂ ಒತ್ತಿದಳು. ಒಂದು ರಿಂಗ್ ಆಯಿತು. ಕತ್ತರಿಸಿದಳು.

ಮಾರ್ಚ್‌ನಲ್ಲಿ ಕುರಿದೊಡ್ಡಿಗೆ ನುಗ್ಗುವ ತೋಳಗಳ ಬಗ್ಗೆ ಒಂದು ಕಾರ್ಯಕ್ರಮ ಬಂದಿದ್ದು, ಕೆಲಸಕ್ಕೆ ಸೇರುವ ಮೊದಲು ಮನೆಯಲ್ಲಿ ಕೇಳಿದ್ದು, ನೆನಪಾಯಿತು. ಅದರ ಊಳಿನ ಸದ್ದೇ ಇರಬೇಕು. ಪ್ರಸಾರವಾಗಿ ಮುಗಿದದ್ದು. ಹಾಗೆಂದು ತನಗೆ ತಾನೇ ಒಪ್ಪಿಸಿಕೊಂಡು ತಡೆ ತೆಗೆದಳು, ಅಳಿಸಿದಳು. ಪೆಟ್ಟಿಗೆಯ ಮೂರನೇ ಒಂದು ಭಾಗ ಖಾಲಿಯಾಯಿತು.

"ಭೇಷ್!" ಎಂದ ಎಸೆನ್‌ಬೆಕ್. "ನಿನ್ನ ಕಟ್ಕೊಳ್ಳೋನು ಪುಣ್ಯವಂತ ಕಣಮ್ಮಾ. ಮಾತೂ ಇಲ್ಲ, ಕಸಾನೂ ಇಲ್ಲ."

ಸೋಮವಾರ ಬುರುಲ್ ಎಜೆ ಕರಿದ ಬೋರ್ಸೋಕ್‌ಗಳ ಚೀಲ ಹಿಡಿದು ಬಂದಳು. ಅರವತ್ತರ ಹೆಂಗಸು, ಬಂದ ಕಡೆಯೆಲ್ಲ ಗದ್ದಲ.

"ತಗೋ, ತಿನ್ನು, ಕಡ್ಡಿ ಥರ ಇದೀಯ. ಪೆಟ್ಟಿಗೇಲಿ ಜಾಗ ಆಯ್ತಂತಲ್ಲ? ಹಾಗಾದ್ರೆ ನಮ್ಮ ಊಳಿಡುವವರನ್ನ ಹೊರಗೆ ತೆಗಿ. ಆರು ತಿಂಗಳಿಂದ ಕಾಯ್ತಿದೀನಿ."

ಸಿರ್ಗಾಳ ಬಾಯಲ್ಲಿದ್ದ ತುಂಡು ಅಲ್ಲೇ ಉಳಿಯಿತು. "ಅವರು... ಯಾರು ಎಜೆ?"

"ನಮ್ಮ ಮಾವನ ಅಣ್ಣ ಕಣೇ! ಕೊಮುಜ್ ನುಡಿಸ್ಕೊಂಡು ಕಥೆ ಹೇಳ್ತಿದ್ರಲ್ಲ, ಅರಾಲ್‌ನವರು. ಸೊಸೆ ನಾನು, ಹೆಸರೆತ್ತೋ ಹಾಗಿಲ್ಲ. ಬೆಟ್ಟದಲ್ಲಿರುತ್ತೆ, ಕುರಿ ಕದಿಯುತ್ತೆ, ಚಂದ್ರನ್ನ ನೋಡಿ ಕೂಗುತ್ತೆ. ಈಗ ಗೊತ್ತಾಯ್ತಾ?"

ತೋಳ. ಅವರ ನುಡಿಯಲ್ಲಿ ಬೋರು. ಬೋರುಬಾಯ್. ಸಿರ್ಗಾಳಿಗೆ ಗೊತ್ತಾಯಿತು. ಗಂಡನ ಕಡೆಯ ಹಿರಿಯರ ಹೆಸರನ್ನು ಸೊಸೆ ಬಾಯಲ್ಲಿ ಆಡುವುದಿಲ್ಲ, ಬೇರೊಂದು ಮಾತು ಕಟ್ಟಿಕೊಳ್ಳುತ್ತಾಳೆ. ಅವಳ ಸ್ವಂತ ಅಜ್ಜಿಯೇ ಭಾವನ ಹೆಸರು ಸೇಬು ಎಂಬ ಅರ್ಥದ್ದೆಂದು ಸಾಯುವವರೆಗೂ ಸೇಬನ್ನು 'ಕೆಂಪುಕೆನ್ನೆ' ಎನ್ನುತ್ತಿದ್ದಳು. ಅಂಥ ಮನೆಯಲ್ಲಿ ಬೆಳೆದವಳು ಆ ಸಾಲನ್ನು ಓದಿಯೂ ಓದದೇ ಹೋಗಿದ್ದಳು.

ಬುರುಲ್ ಹೇಳುತ್ತಲೇ ಇದ್ದಳು. ಹಳೆಯ ಟೇಪುಗಳು ಕೊನೆಯ ಸಲ ಓಡಿದಾಗಲೇ ಈರುಳ್ಳಿ ಸಿಪ್ಪೆಯಂತೆ ಉದುರಿದ್ದವು. ಅವುಗಳಿಂದ ಇಳಿಸಿಕೊಂಡಿದ್ದ ಹನ್ನೊಂದು ಗಂಟೆಯ ಧ್ವನಿಯ ಮೇಲೆ ಮರುದಿನವೇ ಯಾರೋ ಬೇರೇನೋ ಬರೆದುಬಿಟ್ಟರು. ಆಗ ಇದ್ದ ತಂತ್ರಜ್ಞ, ಹಿಂದಿನ ದಿನದ ಸ್ನ್ಯಾಪ್‌ಶಾಟ್‌ನಲ್ಲಿ ಎಲ್ಲ ಹಾಗೇ ಇದೆ, ಜಾಗವಾದಾಗ ತೆಗೆದುಕೊಡೋಣ, ಅಲ್ಲಿಯವರೆಗೆ ಯಾರೂ ಅಳಿಸದಂತೆ ತಡೆ ಹಾಕಿರುತ್ತೇನೆ ಎಂದಿದ್ದ. ತಡೆಯ ಹೆಸರು ಏನೆಂದು ಬರೆಯಲಿ ಎಂದು ಕೇಳಿದ್ದ.

"ಅದು..." ಎಂದಳು ಸಿರ್ಗಾ. "ಅದು ಹೋಯ್ತು ಎಜೆ. ಮೆಷಿನ್..."

"ಮೆಷಿನ್ ತಿಂದುಬಿಡ್ತಾ?"

ಸಿರ್ಗಾ ತಲೆ ತಗ್ಗಿಸಿದಳು. ಹೌದು ಎನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ.

ಬುರುಲ್ ಕುರ್ಚಿಯ ಮೇಲೆ ಕುಸಿದಳು. "ನನ್ನದೇ ತಪ್ಪು," ಎಂದಳು. "ನಾಲಿಗೆಗೆ ಕಟ್ಟಿದ್ದು ಕೈಗೂ ಕಟ್ಟಿಕೊಂಡೆ. ನಾಲ್ಕಕ್ಷರ ಸರಿಯಾಗಿ ಬರೆಸಿದ್ರೆ ಮೆಷಿನ್ನೂ ಮರ್ಯಾದೆ ಕೊಡ್ತಿತ್ತೇನೋ."

ಆ ದಿನವೆಲ್ಲ ಸಿರ್ಗಾ ಕಳೆದದ್ದನ್ನು ಹುಡುಕಿದಳು. ಖಾಲಿಯಾದ ಜಾಗದ ಮೇಲೆ ಆಗಲೇ ಅಕಿಮ್‌ನ ಭಾಷಣ, ಐದು ದಿನದ ವಾರ್ತೆ, ಒಂದು ಮದುವೆ ಹಾಡಿನ ಕಾರ್ಯಕ್ರಮ ಬಂದು ಕೂತಿದ್ದವು. ಪಕ್ಕದ ಕೋಣೆಯಲ್ಲಿ ಬುರುಲ್ ಯಾರಿಗೋ ಫೋನಿನಲ್ಲಿ "ನನ್ನಿಂದಲೇ ಆಯ್ತು, ನನ್ನಿಂದಲೇ" ಎನ್ನುತ್ತಿದ್ದುದು ಗೋಡೆ ದಾಟಿ ಕೇಳಿಸುತ್ತಿತ್ತು. ಧ್ವನಿ ಹೋದದ್ದಕ್ಕಿಂತ ಆ ಮಾತೇ ಸಿರ್ಗಾಳನ್ನು ಹೆಚ್ಚು ಕೊರೆಯಿತು. ತನ್ನ ತಪ್ಪನ್ನು ಇನ್ನೊಬ್ಬಳು ಹೊತ್ತು ತಿರುಗುತ್ತಿದ್ದಾಳೆ, ತಾನು ಅವಳು ತಂದ ಬೋರ್ಸೋಕ್ ತಿಂದು ಕೂತಿದ್ದೇನೆ.

ಮರುದಿನ ಬೆಳಿಗ್ಗೆ ಒಂದು ಪುಟ ತುಂಬ ಬರೆದುಕೊಂಡು ಹೋದಳು. ಬುರುಲ್‌ಳ ಮುಖ ನೋಡಿದ ಮೇಲೆ ಕಾಗದವನ್ನು ಹೊರಗೆ ತೆಗೆಯಲಾಗಲಿಲ್ಲ.

"ಎಜೆ, ಮೆಷಿನ್ ಅಲ್ಲ. ನಾನು. ಅದು ಅಳಿಯಲ್ಲ ಅಂತ ಎಷ್ಟು ಸಲ ಹೇಳ್ತು. ತಡೆ ನೋಡ್ದೆ, ನಿಮ್ಮ ಹೆಸರೂ ನೋಡ್ದೆ. ಫೋನ್ ಮಾಡಿ ಕಟ್ ಮಾಡ್ದೆ."

"ಬುಧವಾರ ಬಂದಿದ್ದು ನಿಂದೇನಾ? ವಾಪಸ್ ಮಾಡೋಣ ಅಂತಿದ್ದೆ, ಮಗು ಅತ್ತಿತು." ಬುರುಲ್ ಅವಳನ್ನೇ ನೋಡಿದಳು. "ಯಾಕೆ ಕಟ್ ಮಾಡ್ದೆ?"

"ನಾಚಿಕೆ ಆಯ್ತು."

ಹೊರಗೆ ಆಡಿದಾಗ ಆ ಮಾತು ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ, ಸಿರ್ಗಾಳಿಗೆ ಅದನ್ನು ಮರಳಿ ನುಂಗಬೇಕೆನ್ನಿಸಿತು. ಬುರುಲ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಊಳಿಡುವವರ ಮಗಳು ಜೂರಾಕಾನ್ ಮುಂದಿನ ತಿಂಗಳು ಅಪ್ಪ ತೀರಿಕೊಂಡ ವರ್ಷದ ಊಟ ಇಟ್ಕೊಂಡಿದಾಳೆ. ಊರಿನವರಿಗೆಲ್ಲ ಅಪ್ಪನ ದನಿ ಕೇಳಿಸ್ತೀನಿ ಅಂತ ಹೇಳ್ಕೊಂಡು ಓಡಾಡ್ತಿದಾಳೆ. ನೀನೇ ಬಂದು ಹೇಳು. ಯಾರ ದನಿ ಹೋಯ್ತು ಅಂತ ಹೆಸರು ಹಿಡಿದು ಹೇಳೋಕೂ ನನಗಾಗಲ್ಲ."

ಇಬ್ಬರೂ ಅರಾಲ್‌ಗೆ ಹೋದರು. ಜೂರಾಕಾನ್ ಅಗಲ ಮುಖದ, ಗಡಸು ಕೈಗಳ ಹೆಂಗಸು. ಬಟ್ಟೆ ಹಾಸಿ, ರೊಟ್ಟಿ ಮುರಿದಿಟ್ಟು, ಚಹಾ ಬಗ್ಗಿಸಿದಳು. "ತಂದ್ರಾ?" ಎಂದಳು.

ಬುರುಲ್ ಸಿರ್ಗಾಳ ಕಡೆ ತಿರುಗಿದಳು.

"ಬೋರುಬಾಯ್ ಅಜ್ಜನ ರೆಕಾರ್ಡಿಂಗ್ ಎಲ್ಲ ಹೋಯ್ತು ಎಜೆ," ಎಂದಳು ಸಿರ್ಗಾ. "ನಾನೇ ಅಳಿಸ್ದೆ. ಮತ್ತೆ ಬರಲ್ಲ. ಬುರುಲ್ ಎಜೆದು ಏನೂ ತಪ್ಪಿಲ್ಲ, ಅವರು ಕಾಪಾಡಿಟ್ಟಿದ್ರು."

ಜೂರಾಕಾನ್ ಚಹಾದ ಬಟ್ಟಲನ್ನು ಕೆಳಗಿಡಲಿಲ್ಲ, ಕುಡಿಯಲೂ ಇಲ್ಲ.

"ಹನ್ನೊಂದು ಗಂಟೇದೂ?"

"ಅಷ್ಟೂ."

"ಅಳಿಸೋ ಮುಂಚೆ ನೀನು ಒಂದ್ಸಲ ಕೇಳಿದ್ಯಾ? ಒಂದು ಚೂರಾದ್ರೂ?"

ಕೇಳಿದ್ದೆ ಎಂದರೆ ಅವಳಿಗೆ ಎಳ್ಳಷ್ಟು ಸಮಾಧಾನವಾಗುತ್ತಿತ್ತೇನೋ. ಹೇಗಿತ್ತು ಎಂದು ಕೇಳುತ್ತಿದ್ದಳೇನೋ. ಸಿರ್ಗಾಳ ಗಂಟಲಿನವರೆಗೆ ಆ ಸುಳ್ಳು ಬಂತು.

"ಇಲ್ಲ," ಎಂದಳು. "ಕೇಳಲಿಲ್ಲ."

ಜೂರಾಕಾನ್ ಎದ್ದು ಒಲೆಯ ಕಡೆಗೆ ಹೋಗಿ, ಅವರಿಗೆ ಬೆನ್ನು ಮಾಡಿ ನಿಂತಳು. ಬುರುಲ್ ರೊಟ್ಟಿಯ ಒಂದು ಚೂರೆತ್ತಿ ಸಿರ್ಗಾಳ ಮುಂದಿಟ್ಟು, ತಗ್ಗಿದ ದನಿಯಲ್ಲಿ, "ರೊಟ್ಟಿ ಮುಟ್ಟದೆ ಏಳಬಾರದು," ಎಂದಳು. ಸಿರ್ಗಾ ಅದನ್ನು ಬಾಯಿಗಿಟ್ಟುಕೊಂಡು, ಜೂರಾಕಾನ್ ತಿರುಗುವುದನ್ನೇ ಕಾಯುತ್ತ ಕೂತಳು.