ಒಂದು ಸಾಲಿನ ಕಿಟಕಿ

ನಾನು ಒಂದು ರಟ್ಟಿನ ತುಂಡು. ಹುಟ್ಟಿದ್ದು ಸೀರೆ ಡಬ್ಬಿಯ ಮುಚ್ಚಳವಾಗಿ. ತಿಪಟೂರಿನ ಒಂದು ಪ್ರಾಥಮಿಕ ಶಾಲೆಯ ಕುಮುದಿನಿ ಮಿಸ್ ನನ್ನನ್ನು ಬ್ಲೇಡಿನಿಂದ ಕೊಯ್ದು, ನಡುವೆ ಬೆರಳಗಲದ ಉದ್ದನೆಯ ಸೀಳು ಮಾಡಿದರು. ಓದು ಕಲಿಯುವ ಮಕ್ಕಳ ಕಣ್ಣು ಸಾಲಿಂದ ಸಾಲಿಗೆ ಹಾರುತ್ತದಲ್ಲ, ಅದಕ್ಕೆ ನನ್ನನ್ನು ಪುಟದ ಮೇಲೆ ಇಡುತ್ತಿದ್ದರು. ಸೀಳಿನಲ್ಲಿ ಒಂದೇ ಸಾಲು ಕಾಣುತ್ತಿತ್ತು, ಉಳಿದದ್ದೆಲ್ಲ ನನ್ನ ಅಡಿಗೆ. ಮಕ್ಕಳು ನನ್ನನ್ನು ಕಿಟಕಿ ರಟ್ಟು ಅಂದರು. ತೋರಿಸುವುದು ನನ್ನ ಕೆಲಸವೋ, ಮುಚ್ಚುವುದೋ? ಈ ಚಡಪಡಿಕೆ ನನಗೆ ಹುಟ್ಟಿನಿಂದಲೇ ಅಂಟಿದ್ದು.

ನನ್ನನ್ನು ಎಲ್ಲರಿಗಿಂತ ಹೆಚ್ಚು ಹಿಡಿದವಳು ಎರಡನೇ ತರಗತಿಯ ಇಂಚರ. ಓದಿ ಬೇಸರವಾದರೆ ಸೀಳಿಗೆ ಕಣ್ಣಿಟ್ಟು ಇಡೀ ತರಗತಿಯನ್ನು ನೋಡುತ್ತಿದ್ದಳು. ಅವಳಮ್ಮ ನಾಗವೇಣಿ ಸರ್ಕಾರಿ ಬಸ್ಸಿನ ಕಂಡಕ್ಟರ್.

ಒಂದು ಬೆಳಿಗ್ಗೆ, ಗಂಟೆ ಹೊಡೆಯುವ ಮೊದಲು, ನಾಗವೇಣಿ ಖಾಕಿ ಬಟ್ಟೆಯಲ್ಲೇ ಬಂದಳು. ನಾನು ಮಿಸ್ ಕೈಯಲ್ಲಿದ್ದೆ.

“ಮಿಸ್, ಪಾಪುಗೆ ಮನೇಲಿ ಎರಡು ಸಲ ಫಿಟ್ಸ್ ಬಂತು. ಮಾತ್ರೆ ಶುರು ಮಾಡಿದಾರೆ. ಇಲ್ಲೇನಾದ್ರೂ ಬಂದ್ರೆ ಪಕ್ಕಕ್ಕೆ ಹೊರಳಿಸಿ ಮಲಗ್ಸಿ, ಬಾಯಿಗೆ ಏನೂ ತುರುಕ್ಬೇಡಿ. ಐದು ನಿಮಿಷ ದಾಟಿದ್ರೆ ಆಸ್ಪತ್ರೆಗೆ. ನಿಮ್ಮನ್ನ ಬಿಟ್ಟು ಇನ್ಯಾರಿಗೂ ಗೊತ್ತಾಗ್ಬಾರ್ದು, ದಮ್ಮಯ್ಯ.”

“ಆಯ್ತಮ್ಮ” ಅಂದರು ಮಿಸ್. ಸುಳ್ಳು ಹೇಳಲಿಲ್ಲ ಅವರು. ಆದರೆ ತಾವು ರಜೆ ಹಾಕಿದ ದಿನ ಬಂದುಬಿಟ್ಟರೆ? ಆ ಚಿಂತೆಗೇ ರಿಜಿಸ್ಟರಿನಲ್ಲಿ ಇಂಚರಳ ಹೆಸರಿನ ಮುಂದೆ, ‘ವಿಶೇಷ’ ಅನ್ನುವ ಕಾಲಮ್ಮಿನಲ್ಲಿ, ಕೆಂಪು ಶಾಯಿಯಲ್ಲಿ ಬರೆದರು: ಫಿಟ್ಸ್ ಇದೆ, ಎಚ್ಚರ.

ಪೋಷಕರ ಸಭೆಯಲ್ಲಿ ಸಹಿಗೆಂದು ಕೈಯಿಂದ ಕೈಗೆ ಹೋಗುವುದು ಅದೇ ರಿಜಿಸ್ಟರ್. ಮಿಸ್‌ಗೆ ಅದು ಹೊಳೆಯಲೇ ಇಲ್ಲ.

ಎಲ್ಲರೂ ಮೊದಲು ತಮ್ಮ ಮಗುವಿನ ಸಾಲು ಹುಡುಕುತ್ತಾರೆ. ಆಮೇಲೆ ಮೆಲ್ಲಗೆ ಮೇಲಿನವರದ್ದು, ಕೆಳಗಿನವರದ್ದು ಓದುತ್ತಾರೆ. ಕೆಟ್ಟತನವಲ್ಲ, ಅಭ್ಯಾಸ.

“ನನ್ ಮಗ ವಿಪರೀತ ಮಾತಾಡ್ತಾನಂತೆ. ಅದು ಅವರಮ್ಮನ ಕಡೆಯಿಂದ ಬಂದಿದ್ದು” ಅಂದರು ಒಬ್ಬ ತಂದೆ.

“ಹೋಂವರ್ಕ್ ಮಾಡ್ದೇ ಇರೋದು ನಿಮ್ ಕಡೆಯಿಂದ” ಅಂದಳು ಹೆಂಡತಿ. ಎಲ್ಲರೂ ನಕ್ಕರು.

ನಗು ಮುಗಿಯುವ ಹೊತ್ತಿಗೆ ರಿಜಿಸ್ಟರ್ ಪ್ರೇಮಲೀಲಾ ಎಂಬಾಕೆಯ ಕೈಯಲ್ಲಿತ್ತು. ಅವರ ಮಗಳು ಸಮನ್ವಿತಾ ಕೂರುತ್ತಿದ್ದದ್ದು ಇಂಚರಳ ಬೆಂಚಿನಲ್ಲೇ. ಅವರ ಬೆರಳು ಕೆಂಪು ಶಾಯಿಯ ಮೇಲೆ ನಿಂತಿತು. ಪಕ್ಕದವರಿಗೆ ತೋರಿಸಿದರು. ಅವರು ಅವರ ಪಕ್ಕದವರಿಗೆ. ನಾನು ಮೇಜಿನ ಮೇಲೆ, ಒಂದು ಗೇಣು ದೂರದಲ್ಲಿ ಸುಮ್ಮನೆ ಬಿದ್ದಿದ್ದೆ. ನಾಗವೇಣಿ ತಡವಾಗಿ ಓಡಿಬಂದು, ಬಸ್ಸಿನ ಅಭ್ಯಾಸಕ್ಕೆ “ಜರುಗಿ, ಜರುಗಿ” ಅನ್ನುತ್ತಾ ಪೆನ್ನು ಹಿಡಿದಳು. ಅರ್ಧ ಸಹಿಗೆ ಕೈ ನಿಂತುಬಿಟ್ಟಿತು.

ಸೋಮವಾರ ಸಮನ್ವಿತಾ ಬ್ಯಾಗು ಎತ್ತಿಕೊಂಡಳು. “ಮಮ್ಮಿ ಹೇಳಿದಾರೆ, ನಿನ್ ಹತ್ರ ಕೂತ್ರೆ ಅಂಟುತ್ತಂತೆ.” ಇಂಚರ ನನ್ನನ್ನು ಕಣ್ಣಿಗೆ ಹಿಡಿದಳು. ಕಿಟಕಿಯಲ್ಲಿ ಖಾಲಿ ಅರ್ಧ ಬೆಂಚು ಮಾತ್ರ ಕಾಣುತ್ತಿತ್ತು. ಬಹಳ ಹೊತ್ತು ಇಳಿಸಲೇ ಇಲ್ಲ.

ಅಂದೇ ಸಂಜೆ ನಾಗವೇಣಿ ಬಂದಳು. “ನಾನು ನಿಮ್ ಕಿವೀಲಿ ಹೇಳಿದ್ದು ಮಿಸ್. ಊರಿಗೆಲ್ಲ ಡಂಗುರ ಹೊಡೀರಿ ಅಂದ್ನಾ?”

“ತಪ್ಪಾಯ್ತಮ್ಮ. ಆದ್ರೆ ನಾನಿಲ್ದಾಗ ಬರೋರಿಗೆ ಯಾರು ಹೇಳ್ತಾರೆ?”

“ಅದೆಲ್ಲ ನಂಗೊತ್ತಿಲ್ಲ. ಅಳಿಸಿ. ನನ್ ಕಣ್ಮುಂದೆ ಅಳಿಸಿ.”

ಮಿಸ್ ಬಿಳಿ ಬಣ್ಣ ಬಳಿದರು. ಕೆಂಪು ಮುಚ್ಚಿತು, ಆದರೆ ಆ ಬಿಳಿ ಕಲೆ ಕೆಂಪಿಗಿಂತ ಹೆಚ್ಚು ಎದ್ದು ಕಾಣುತ್ತಿತ್ತು. ನನಗೆ ಸಮಾಧಾನವಾಗಲಿಲ್ಲ. ಮುಚ್ಚುವ ಕೆಲಸ ನನಗೆ ಗೊತ್ತು. ನಾನು ಮುಚ್ಚಿದರೆ ಕೆಳಗಿನ ಸಾಲು ಸಾಯುವುದಿಲ್ಲ.

ಮೂರು ವಾರದ ನಂತರ ಮಿಸ್ ರಜೆ ಹಾಕಿದರು. ತಮ್ಮ ಮಗನ ಶಾಲೆಯಲ್ಲಿ ಪೋಷಕರ ಸಭೆಯಿತ್ತು. ತರಗತಿಗೆ ಬಂದವರು ಡ್ರಿಲ್ ಮಾಸ್ಟರ್ ರುದ್ರಯ್ಯ. ಇಂಚರ ನನ್ನನ್ನು ಹಿಡಿದು ಪಾಠ ಓದುತ್ತಿದ್ದಳು. ಮೂರನೇ ಸಾಲಿನಲ್ಲಿ ಅವಳ ಬೆರಳು ಬಿಗಿಯಿತು. ನಾನು ನೆಲಕ್ಕೆ ಬಿದ್ದೆ, ನನ್ನ ಪಕ್ಕಕ್ಕೇ ಅವಳೂ ಬಿದ್ದಳು. ಬೆಂಚಿನ ಅಂಚು ತಗುಲಿ ಹುಬ್ಬು ಒಡೆಯಿತು.

ಮೇಷ್ಟ್ರು ಹೌಹಾರಿ ರಿಜಿಸ್ಟರ್ ತೆರೆದರು. ಬಿಳಿ ಕಲೆ. “ಏನಾಯ್ತ್ರೋ ಈ ಮಗೀಗೆ? ಯಾರಿಗಾದ್ರೂ ಗೊತ್ತೇನ್ರೋ?”

ಇಡೀ ತರಗತಿ ಒಂದೇ ದನಿಯಲ್ಲಿ ಕೂಗಿತು: “ಫಿಟ್ಸ್ ಸಾರ್!”

ಎಲ್ಲರಿಗೂ ಹೆಸರು ಗೊತ್ತಿತ್ತು. ಏನು ಮಾಡಬೇಕೆಂದು ಒಬ್ಬರಿಗೂ ಗೊತ್ತಿರಲಿಲ್ಲ. ಕಬ್ಬಿಣ ಹಿಡಿಸಿದರೆ ನಿಲ್ಲುತ್ತದೆಂದು ಮೇಷ್ಟ್ರು ಸ್ಕೂಟರ್ ಕೀಲಿಯನ್ನು ಅವಳ ಮುಷ್ಟಿಗೆ ಒತ್ತಿದರು. ಮಕ್ಕಳು ಗೋಡೆಗೆ ಅಂಟಿಕೊಂಡರು. ಅವಳನ್ನು ಪಕ್ಕಕ್ಕೆ ಹೊರಳಿಸಿ ಎಂದು ನಾನು ಕೂಗಬೇಕಿತ್ತು. ರಟ್ಟಿಗೆಲ್ಲಿಯ ಬಾಯಿ? ಎರಡು ನಿಮಿಷಕ್ಕೆ ಅದು ತಾನಾಗಿ ನಿಂತಿತು. ಪುಣ್ಯ, ಅಷ್ಟೇ.

ಮರುದಿನ ನಾಗವೇಣಿ ಜಗಳಕ್ಕೆ ಬಂದಳು ಅಂದುಕೊಂಡೆ. ಅವಳು ಬೆಂಚಿನ ಮೇಲೆ ಕುಸಿದು ಕೂತಳು.

“ಗೊತ್ತಿರಬಾರದೋರಿಗೆಲ್ಲ ಗೊತ್ತಿತ್ತು ಮಿಸ್. ಗೊತ್ತಿರಬೇಕಾದೋರಿಗೇ ಗೊತ್ತಿರ್ಲಿಲ್ಲ. ಅಳಿಸಿ ಅಂದೋಳು ನಾನೇ.”

“ಎಲ್ಲರ ಕೈಗೂ ಕೊಟ್ಟೋಳು ನಾನು” ಅಂದರು ಮಿಸ್.

ನಾಗವೇಣಿ ಪೆನ್ನು ಕೇಳಿ, ಬಿಳಿ ಕಲೆಯ ಮೇಲೆ ತಾನೇ ಬರೆದಳು. ಬರೀ ಕಾಯಿಲೆಯ ಹೆಸರನ್ನಲ್ಲ, ಪಕ್ಕಕ್ಕೆ ಹೊರಳಿಸುವುದು, ಬಾಯಿಗೆ ಏನೂ ಹಾಕದಿರುವುದು, ಐದು ನಿಮಿಷ, ಫೋನ್ ನಂಬರು, ಎಲ್ಲವನ್ನೂ ಸಣ್ಣಕ್ಷರದಲ್ಲಿ ಬರೆದಳು. ಹುಬ್ಬಿಗೆ ಪಟ್ಟಿ ಹಾಕಿಕೊಂಡಿದ್ದ ಇಂಚರ ನನ್ನನ್ನು ತಂದು ಆ ಪುಟದ ಮೇಲಿಟ್ಟಳು. ಸರಿಯಾಗಿ ತನ್ನ ಸಾಲಿಗೆ.

“ಸಭೇಲಿ ಹಿಂಗಿಡಿ ಮಿಸ್. ಅವ್ರವ್ರದ್ದು ಅವ್ರಿಗೆ ಕಾಣುತ್ತೆ.”

ಮುಂದಿನ ಸಭೆಯಿಂದ ನನ್ನ ಸೀಳಿನಲ್ಲೇ ಸಹಿಗಳಾದವು. “ಏನ್ ಮಿಸ್, ಪರದೆ ಹಾಕ್ಬಿಟ್ರಾ?” ಎಂದು ಪ್ರೇಮಲೀಲಾ ಮುಖ ಸಿಂಡರಿಸಿದರು. ಮಿಸ್ ನಕ್ಕು, ನನ್ನನ್ನು ಇನ್ನಷ್ಟು ಗಟ್ಟಿಯಾಗಿ ಒತ್ತಿಹಿಡಿದರು. ಸಮನ್ವಿತಾ ಬೆಂಚಿಗೆ ಮರಳಲು ದಸರಾ ರಜೆ ಕಳೆಯಬೇಕಾಯಿತು.

ಆಮೇಲೆ ಎಷ್ಟೋ ಕೈಗಳನ್ನು ಕಂಡೆ. ಕುಮುದಿನಿ ಮಿಸ್ ನಿವೃತ್ತರಾದರು. ನನ್ನ ಮೂಲೆ ಮುದುರಿತು, ಸೀಳಿನ ಅಂಚು ಹರಿಯಿತು. ಈಗ ಎರಡು ಸಾಲು ಕಾಣುತ್ತವೆ; ನನ್ನ ಮುಪ್ಪಿನ ನಾಚಿಕೆ ಅದು. ಶಿಕ್ಷಕರ ಕೋಣೆಯ ಕಪಾಟಿನಲ್ಲಿ ಧೂಳು ತಿನ್ನುತ್ತಾ ಬಿದ್ದುಕೊಂಡೆ.

ಮೊನ್ನೆ ಎರಡನೇ ತರಗತಿಯ ಹೊಸ ಮಿಸ್ ರಿಜಿಸ್ಟರ್ ಬಿಡಿಸಿ, ಅದರ ಮೇಲೆ ಫೋನ್ ಹಿಡಿದು ನಿಂತರು. “ಪೂರ್ತಿ ಪುಟದ ಫೋಟೋ ಪೇರೆಂಟ್ಸ್ ಗ್ರೂಪಿಗೆ ಹಾಕ್ಬಿಡ್ತೀನಿ. ಎಲ್ರೂ ಮನೇಲೇ ನೋಡ್ಕೋತಾರೆ.” ಸೀಮೆಸುಣ್ಣಕ್ಕೆಂದು ಬಂದಿದ್ದ ಏಳನೇ ತರಗತಿಯ ಹುಡುಗಿ ಅಲ್ಲೇ ನಿಂತಳು. ಹುಬ್ಬಿನಲ್ಲಿ ಹಳೆಯ ಗಾಯದ ಗೆರೆ.

“ಒಂದ್ನಿಮಿಷ ಮಿಸ್.” ಕಪಾಟಿಗೆ ಕೈ ಹಾಕಿ ನನ್ನನ್ನು ಎಳೆದು, ಧೂಳು ಊದಿ, ಪುಟದ ಮೇಲಿಟ್ಟಳು. “ಒಬ್ಬೊಬ್ರದ್ದೇ ತೆಗೆದು ಅವ್ರವ್ರಿಗೇ ಕಳ್ಸಿ.”

“ನಲವತ್ತೆರಡು ಫೋಟೋನಾ? ಹುಚ್ಚಾ ನಿಂಗೆ?”

“ನಾನು ಹಿಡ್ಕೋತೀನಿ ಮಿಸ್.”

ನನ್ನ ಅಂಚು ಹರಿದದ್ದು ಅವಳ ಕಣ್ಣಿಗೆ ಬಿತ್ತು. ಹೆಚ್ಚಾಗಿ ಕಾಣುತ್ತಿದ್ದ ಆ ಎರಡನೇ ಸಾಲಿನ ಮೇಲೆ ಹೆಬ್ಬೆರಳಿಟ್ಟಳು. ಅದು ಯಾವ ಮಗುವಿನದೋ, ಏನು ಬರೆದಿತ್ತೋ, ಅವಳು ಬಗ್ಗಿ ನೋಡಲಿಲ್ಲ. ನನಗೆ ಗೊತ್ತು. ನಾನು ಹೇಳುವುದಿಲ್ಲ.