ಹನ್ನೆರಡನೆಯ ಕಾಳು

ನನ್ನ ಅಕ್ಷರ ಸೊಟ್ಟ. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವಳಾದ್ದರಿಂದ ಮಾತುಗಳೂ ಸಾಲುವುದಿಲ್ಲ. ಓದುವವರು ಮನ್ನಿಸಬೇಕು. ಆದರೂ ಸೋದರತ್ತೆ ಗುರುದೇವಿಯ ವಿಷಯ ಬರೆಯದೆ ಇರಲಾರೆ.

ಒಮ್ಮೆ ಮಾತ್ರ ಓದಿಸಿ ಕೇಳಿದ ಕಾಗದಕ್ಕೆ ಅತ್ತೆ ಎಂದೂ ಹೆಬ್ಬೆಟ್ಟು ಒತ್ತಿದವಳಲ್ಲ. ಒಬ್ಬರು ಓದಿದ್ದನ್ನು ಇನ್ನೊಬ್ಬರಿಂದ ಮತ್ತೆ ಓದಿಸುತ್ತಾಳೆ. ತೀರಿಹೋದ ಗಂಡನ ಕರಿ ಕೋಟನ್ನು ಬಿಸಿಲಿನಲ್ಲೂ ಸೀರೆಯ ಮೇಲೆ ತೊಟ್ಟು, ಬಲಭುಜ ಮುಂದೆ ಮಾಡಿ, ಕಾಣದ ಬಾಗಿಲನ್ನು ನೂಕುವವಳಂತೆ ನಡೆಯುವ ಅವಳ ಕಿಸೆಯಲ್ಲಿ ಸದಾ ಒಂದು ಹಿಡಿ ಜೋಳವಿರುತ್ತದೆ. ಓದುವವರು ಒಂದು ಕಲಮು ಮುಗಿಸಿದರೆ ನೆಲದ ಪರಸಿ ಕಲ್ಲಿನ ಮೇಲೆ ಒಂದು ಕಾಳು ಇಡುತ್ತಾಳೆ; ಇಬ್ಬರ ಓದಿಗೂ ಕಾಳಿನ ಲೆಕ್ಕ ಒಂದೇ ಆಗಬೇಕು. ಓದು ಬಾರದವಳು ತಾನೇ ಕಂಡುಕೊಂಡ ಉಪಾಯ ಅದು. ಮೈದುನನ ಜೊತೆ ಹೊಲ ಹಂಚಿಕೊಂಡ ದಿನ ಹಂಚಿಕೆ ಪತ್ರ ಓದಿದ ಪಾಟೀಲರು ಬೇಸರಪಟ್ಟು, "ನಮ್ಮ ಮ್ಯಾಲೂ ಭರೋಸಾ ಇಲ್ಲೇನು ಗುರುದೇವವ್ವಾ?" ಎಂದಿದ್ದರಂತೆ. "ನಿಮ್ಮ ಮ್ಯಾಲ ಭಾಳ ಅದರಿ, ಹಾಳಿ ಮ್ಯಾಲ ಇಲ್ಲ," ಎಂದಳಂತೆ ಅತ್ತೆ.

ಹೋದ ವರ್ಷ ಶಹಾಬಾದಿನಿಂದ ಚಿತ್ತಾಪುರದ ಕಡೆಗೆ ಬಿಜಲಿ ತಂತಿ ಎಳೆಯಲು ಸರ್ಕಾರ ಹೊಸ ಖಾನೂನು ಮಾಡಿತು. ತಂತಿಯ ಹಾದಿಯಲ್ಲಿ ಅತ್ತೆಯ ಹೊಲವಿತ್ತು. ಒಂದೇ ಮನೆಯಲ್ಲಿರುವ ನಮ್ಮಿಬ್ಬರಿಗೂ ರೊಟ್ಟಿ ಕೊಡುವ ಒಂದೇ ಹೊಲ. ಕಂಬದ ಗುತ್ತಿಗೆದಾರನ ಮುನ್ಷಿ ಒಪ್ಪಿಗೆ ಪತ್ರ ತಂದು, ಕಚೇರಿಯ ಉರ್ದುವನ್ನು ಕನ್ನಡ ಮಾಡಿ ಸರಸರ ಹೇಳಿದ. ಹನ್ನೊಂದು ಕಾಳು ಬಿದ್ದವು.

"ಏನ್ರಿ ಬಾಯಿ, ಜ್ವಾಳ ಹಸನ ಮಾಡ್ಲಿಕತ್ತೀರೇನು?" ಎಂದು ನಕ್ಕ.

"ಹೌದ್ರಿ. ಕಾಳು ಬ್ಯಾರೆ, ಹಳ್ಳು ಬ್ಯಾರೆ ಮಾಡ್ಬೇಕಲ್ಲ," ಎಂದ ಅತ್ತೆ ನೆರೆಮನೆಯ ನಜಮುನ್ನೀಸಾ ಆಪಾರನ್ನು ಕರೆಸಿದಳು. ಆಪಾ ಬಾಗಿಲ ಮರೆಯಲ್ಲಿ ಕುಳಿತು, ಅದೇ ಕಾಗದವನ್ನು ಸಾವಕಾಶವಾಗಿ ಓದಿ ಕನ್ನಡದಲ್ಲಿ ಹೇಳಿದರು. ಹನ್ನೆರಡು ಕಾಳಾದವು.

"ಇದೊಂದು ಜ್ಯಾದಾ ಅದ ನೋಡ್ರಿ. ಕಂಬ ವಾಲಿದ್ರ, ಬಿದ್ರ, ಎತ್ತಿ ನಿಂದ್ರಸೋ ಖರ್ಚು ಹೊಲದವರದು ಅಂತ ಬರ್ದಾರ," ಎಂದರು ಆಪಾ.

ಮುನ್ಷಿಯ ನಗು ನಿಂತಿತು.

"ಎರಿ ಹೊಲ ಬ್ಯಾಸಗ್ಯಾಗ ಬಾಯಿ ತೆರಿತದ, ಮಳ್ಯಾಗ ಉಬ್ಬತದ," ಎಂದಳು ಅತ್ತೆ. "ಅಲ್ಲಿ ನಮ್ಮ ಬಾಂದ ಕಲ್ಲೇ ನೆಟ್ಟಗ ನಿಂದ್ರಂಗಿಲ್ಲ, ನಿಮ್ಮ ಕಂಬ ನಿಂತೀತೇನ್ರಿ? ವರ್ಷಾ ಎತ್ತಿಸಿ ಎತ್ತಿಸಿ ನಾ ಹೊಲಾನೇ ಮಾರಬೇಕು. ಈ ಮಾತು ಖಾನೂನದಾಗ ಎಲ್ಲಿ ಅದ, ತೋರಸ್ರಿ."

ಅವನ ಚೀಲದಲ್ಲಿ ಛಾಪಿಸಿದ ಖಾನೂನು ಇತ್ತು. ಆಪಾ ಅದನ್ನೂ ಪೂರ್ತಿ ಓದಿದರು. ಕಂಬ ನೆಡುವ, ಕಾಯುವ ಖರ್ಚೆಲ್ಲ ತಂತಿ ಎಳೆಯುವವರದೇ ಎಂದು ಅದರಲ್ಲಿ ಸ್ಪಷ್ಟವಾಗಿತ್ತು.

"ಉಳದವರೆಲ್ಲ ಹೆಬ್ಬಟ್ಟು ಒತ್ಯಾರಲ್ಲ ಬಾಯಿ," ಎಂದ ಮುನ್ಷಿ ಸಣ್ಣ ದನಿಯಲ್ಲಿ.

"ಹೌದೇನ್ರಿ? ಹಂಗಾದ್ರ ಅವರನ್ನೂ ಕರಸ್ತೀನಿ. ಕುಂದ್ರಿ, ಚಹಾ ಕುಡೀರಿ."

ತಂತಿಯ ಹಾದಿಯಲ್ಲಿ ಹೊಲವಿದ್ದ ಹತ್ತೊಂಬತ್ತು ಮಂದಿ ಬಂದು ಅಂಗಳದಲ್ಲಿ ಕುಳಿತರು. ಮುನ್ಷಿ ಅವರ ಪತ್ರಗಳಲ್ಲೂ ಆ ಕಲಮನ್ನು ಹೊಡೆದುಹಾಕಿ, ಪಕ್ಕದಲ್ಲಿ ರುಜು ಹಾಕುವವರೆಗೆ ಯಾರೂ ಏಳಲಿಲ್ಲ. ಕೊನೆಗೆ ಅತ್ತೆ ತನ್ನ ಹೆಬ್ಬೆಟ್ಟು ಒತ್ತಿದಳು. ಆ ಹೊತ್ತಿನಲ್ಲಿ ಅವಳ ಹಿಂದೆ ನಿಂತಿದ್ದವಳು ನಾನೇ ಎಂಬುದು ನನಗೆ ಇಂದಿಗೂ ದೊಡ್ಡ ಹೆಮ್ಮೆ.

ಇಂಥವರನ್ನು ಮಂದಿ ಸಂಶಯದವರೆನ್ನುತ್ತಾರೆ. ನನಗನ್ನಿಸುವುದು ಬೇರೆ: ಕೊಟ್ಟ ಮಾತನ್ನು ಸಾಯುವತನಕ ನಡೆಸುವವರಿಗೇ ಅದನ್ನು ಕೊಡುವ ಮುಂಚೆ ಇಷ್ಟು ಹೊತ್ತು ಬೇಕಾಗುತ್ತದೆ.

ಬರುವ ಸೋಮವಾರದಿಂದ, ಮಧ್ಯಾಹ್ನ ರೊಟ್ಟಿ ಬಡಿದಾದ ಮೇಲೆ, ನಾನು ನಜಮುನ್ನೀಸಾ ಆಪಾರ ಮನೆಗೆ ಉರ್ದು ಕಲಿಯಲು ಹೋಗುತ್ತೇನೆ.